ಚಿಲಕ ಹಾಕಿದ ಕೋಣೆ: ವಿದ್ಯಾರ್ಥಿಗಳ ಕುಡಿತ ಮತ್ತು ಜವಾಬ್ದಾರಿಯ ಪ್ರಶ್ನೆ

ಕರ್ನಾಟಕದಲ್ಲಿ ಮದ್ಯ ಕೊಳ್ಳಲು ಎಷ್ಟು ವರ್ಷ ತುಂಬಿರಬೇಕು ಎಂದು ಪದವಿ ತರಗತಿಯಲ್ಲಿ ಕೇಳಿ ನೋಡಿದರೆ ಕೆಲವರು 18 ಎನ್ನುತ್ತಾರೆ, ಕೆಲವರು 21 ಎನ್ನುತ್ತಾರೆ. ಎರಡೂ ಉತ್ತರಗಳಿಗೆ ಆಧಾರವಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರಿಗೆ ಮದ್ಯ ಮಾರುವುದು ಅಪರಾಧ. ಅದೇ ಕಾಯ್ದೆಯಡಿ 1967ರಲ್ಲಿ ಬಂದ ಪರವಾನಗಿ ನಿಯಮಗಳು 21 ತುಂಬದವರಿಗೆ ಮಾರಕೂಡದೆಂದು ಅಂಗಡಿ, ಬಾರ್‌ಗಳಿಗೆ ಷರತ್ತು ಹಾಕಿವೆ. ಈ ಗೊಂದಲ ನಿವಾರಿಸುವ ಹೆಸರಿನಲ್ಲಿ 2023ರ ಜನವರಿಯಲ್ಲಿ ಸರ್ಕಾರವು ನಿಯಮದ ವಯಸ್ಸನ್ನೂ 18ಕ್ಕೆ ಇಳಿಸುವ ಕರಡನ್ನು ಹೊರಡಿಸಿತು. ಎಲ್ಲೆಡೆಯಿಂದ ವಿರೋಧ ಬಂದಾಗ ಆ ಪ್ರಸ್ತಾವವನ್ನು ಕೈಬಿಟ್ಟಿತು.

ವಯಸ್ಸನ್ನು ಇಳಿಸದಿದ್ದದ್ದು ಒಳ್ಳೆಯದೇ ಆಯಿತು. ಅದಕ್ಕೆ ಕಾರಣಗಳನ್ನು ಮುಂದೆ ಹೇಳುತ್ತೇನೆ. ಆದರೆ ಆ ಚರ್ಚೆ ಅಂಕಿಯೊಂದರ ಸುತ್ತ ತಿರುಗಿ ಅಲ್ಲಿಗೇ ನಿಂತುಹೋದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಪಾಠ ಹೇಳುತ್ತ, ಕೆಲವು ವರ್ಷ ಹಾಸ್ಟೆಲಿನ ಉಸ್ತುವಾರಿಯನ್ನೂ ನೋಡಿಕೊಂಡವನಾಗಿ ನನಗೆ ತಿಳಿದಿರುವ ಸಂಗತಿ ಇದು: ವಿದ್ಯಾರ್ಥಿಗಳ ಕುಡಿತದಲ್ಲಿ ಮದ್ಯದಷ್ಟೇ ಅಪಾಯ ಗುಟ್ಟಿನಲ್ಲೂ ಇದೆ. ಕೋಣೆಯ ಚಿಲಕ ಹಾಕಿ, ಯಾರಾದರೂ ಬಂದಾರೆಂಬ ಭಯದಲ್ಲಿ, ಊಟಕ್ಕೆ ಮೊದಲೇ, ಇದ್ದ ಬಾಟಲಿಯನ್ನು ಅರ್ಧ ಗಂಟೆಯಲ್ಲಿ ಖಾಲಿ ಮಾಡುವ ಕುಡಿತವದು. ಏನಾದರೂ ಎಡವಟ್ಟಾದರೆ ಬಾಗಿಲು ತೆರೆದು ಹಿರಿಯರನ್ನು ಕೂಗುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರುವುದಿಲ್ಲ.

ಮೊದಲು, ಎಷ್ಟು ಜನ ಕುಡಿಯುತ್ತಾರೆ ಎಂಬ ಮಾತು. ಮೊದಲ ವರ್ಷಕ್ಕೆ ಬಂದ ಹುಡುಗನಿಗೆ ಸೀನಿಯರ್‌ಗಳು ಹೇಳುವ ಮೊದಲ ಪಾಠವೇ ‘ಎಲ್ಲರೂ ಕುಡೀತಾರೆ ಮಗಾ’ ಎಂಬುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಭಾರತೀಯ ಗಂಡಸರಲ್ಲಿ ಕುಡಿಯುವುದಾಗಿ ಹೇಳಿದವರು ನೂರಕ್ಕೆ 19ರಷ್ಟು, ಹೆಂಗಸರಲ್ಲಿ ನೂರಕ್ಕೆ ಒಬ್ಬರು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 10ರಿಂದ 17 ವರ್ಷದವರಲ್ಲಿ ಮದ್ಯ ಬಳಸುವವರು ಶೇ. 1.3. ನಗರದ ಹಾಸ್ಟೆಲ್‌, ಪಿ.ಜಿ.ಗಳಲ್ಲಿ ಪ್ರಮಾಣ ಹೆಚ್ಚಿರಬಹುದು, ಕೇಳಿದಾಗ ಮುಚ್ಚಿಟ್ಟವರೂ ಇರಬಹುದು. ಹಾಗಿದ್ದರೂ ‘ಎಲ್ಲರೂ’ ಎಂಬುದು ಸುಳ್ಳು. ಗೆಳೆಯರು ತಮಗಿಂತ ಬಹಳ ಕುಡಿಯುತ್ತಾರೆ ಎಂದು ವಿದ್ಯಾರ್ಥಿಗಳು ತಪ್ಪಾಗಿ ಅಂದಾಜು ಮಾಡುತ್ತಾರೆಂಬುದನ್ನು ಅಮೆರಿಕದ ಕಾಲೇಜುಗಳ ಸಂಶೋಧಕರು 1980ರ ದಶಕದಿಂದಲೇ ತೋರಿಸುತ್ತ ಬಂದಿದ್ದಾರೆ. ಕುಡಿಯುವವನ ಗದ್ದಲ ಇಡೀ ಕಾರಿಡಾರಿಗೆ ಕೇಳಿಸುತ್ತದೆ. ಕುಡಿಯದವನು ತನ್ನ ಕೋಣೆಯಲ್ಲಿ ಸುಮ್ಮನೆ ಮಲಗಿರುತ್ತಾನೆ. ಅವನು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅದೇ 2019ರ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ನನಗೆ ಹೆಚ್ಚು ಕಳವಳ ತಂದದ್ದು ಅದು. ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಅವರಲ್ಲಿ ಕುಡಿತದಿಂದ ತೊಂದರೆಗೊಳಗಾಗಿ ನೆರವು ಬೇಕಾಗಿರುವವರು ಸುಮಾರು 5.7 ಕೋಟಿ. ಮೂವರು ಕುಡುಕರಲ್ಲಿ ಒಬ್ಬನಿಗಿಂತ ಹೆಚ್ಚು. ಕುಡಿಯುವವರು ಕಡಿಮೆ, ಆದರೆ ಕುಡಿದವರು ಕೆಡುವುದು ಹೆಚ್ಚು ಎಂಬ ಈ ಸ್ಥಿತಿಗೆ ನಮ್ಮಲ್ಲಿನ ಕುಡಿಯುವ ರೀತಿಯೇ ದೊಡ್ಡ ಕಾರಣ. ನಮ್ಮಲ್ಲಿ ಹೆಚ್ಚಿನವರು ಕುಡಿಯುವುದು ಅಮಲೇರಲೆಂದೇ: ಗಟ್ಟಿ ಮದ್ಯ, ಬೇಗ ಬೇಗ, ಮನೆಯವರ ಕಣ್ಣು ತಪ್ಪಿಸಿ, ಕೊನೆಯಲ್ಲಿ ಊಟ. ಹದಿನೆಂಟರ ಹುಡುಗ ಕಲಿಯುವುದೂ ಇದನ್ನೇ.

ಇನ್ನು ಅಳತೆಯ ವಿಚಾರ. ವಿದ್ಯಾರ್ಥಿಗಳೊಡನೆ ಕುಡಿತದ ಬಗ್ಗೆ ಮಾತಾಡಬೇಕಾದಾಗಲೆಲ್ಲ ನಾನು ಕಪ್ಪುಹಲಗೆಯ ಮೇಲೆ ಒಂದು ಗುಣಾಕಾರ ಬರೆಯುತ್ತೇನೆ. ಭಾರತದಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ.ನ ಒಂದು ಸಣ್ಣ ಪೆಗ್‌ನಲ್ಲಿ ಅದು ಸುಮಾರು 10 ಗ್ರಾಂ. ಬಾಯಲ್ಲಿ ‘ನೈಂಟಿ’ ಎನ್ನುವ 90 ಮಿ.ಲೀ.ನಲ್ಲಿ 30 ಗ್ರಾಂ, ಕ್ವಾರ್ಟರ್ ಎಂದರೆ 180 ಮಿ.ಲೀ.ನಲ್ಲಿ 60 ಗ್ರಾಂ. ಇಲ್ಲಿಯವರೆಗೆ ಯಾರಿಗೂ ಅಚ್ಚರಿಯಾಗುವುದಿಲ್ಲ. ಬಳಿಕ, ‘ಬಿಯರ್ ಅಂದರೆ ಜ್ಯೂಸ್ ಇದ್ದ ಹಾಗೆ ಸರ್’ ಎನ್ನುವವರಿಗಾಗಿ, ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯ ಲೆಕ್ಕ ಬರೆಯುತ್ತೇನೆ: 41 ಗ್ರಾಂ. ಒಂದು ಬಾಟಲಿ ಬಿಯರ್ ಅಂದರೆ ನಾಲ್ಕು ಸಣ್ಣ ಪೆಗ್. ತರಗತಿ ಒಂದು ಕ್ಷಣ ಮೌನವಾಗುತ್ತದೆ. ಎರಡು ಬಾಟಲಿ ಕುಡಿದು ‘ನಾನು ಬರೀ ಬಿಯರ್ ತಗೊಂಡೆ’ ಎಂದು ಹೇಳಿಕೊಂಡವರು ಆ ಮೌನದಲ್ಲಿ ಇರುತ್ತಾರೆಂಬುದು ನನಗೆ ಗೊತ್ತು.

ಈ ಗ್ರಾಂ ಲೆಕ್ಕ ಏಕೆ ಮುಖ್ಯವೆಂದರೆ ಲಿವರ್ ತನ್ನ ವೇಗವನ್ನು ಯಾರಿಗಾಗಿಯೂ ಹೆಚ್ಚಿಸಿಕೊಳ್ಳುವುದಿಲ್ಲ. ಗಂಟೆಗೆ ಏಳರಿಂದ ಹತ್ತು ಗ್ರಾಂ ಆಲ್ಕೋಹಾಲನ್ನಷ್ಟೇ ಅದು ಕರಗಿಸಬಲ್ಲದು. ನಿಂಬೆಹುಳಿ, ಮಜ್ಜಿಗೆ, ಕಡುಕಾಫಿ, ತಣ್ಣೀರಿನ ಸ್ನಾನ ಇವುಗಳಿಂದ ಎಚ್ಚರವಾದಂತೆ ಅನಿಸಬಹುದು; ರಕ್ತದಲ್ಲಿರುವ ಆಲ್ಕೋಹಾಲ್ ಮಾತ್ರ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಬೆಂಗಳೂರಿನ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ಶನಿವಾರದ ರಾತ್ರಿಯನ್ನೇ ತೆಗೆದುಕೊಳ್ಳಿ. ಹನ್ನೊಂದಕ್ಕೆ ಶುರುವಾಗಿ ಹನ್ನೆರಡಕ್ಕೆ ತಲಾ ಒಂದು ಕ್ವಾರ್ಟರ್ ಮುಗಿಯುತ್ತದೆ. ಮೂರು ಗಂಟೆ ನಿದ್ದೆ. ನಾಲ್ಕಕ್ಕೆ ನಂದಿ ಬೆಟ್ಟದ ಸೂರ್ಯೋದಯ ನೋಡಲು ಬೈಕುಗಳು ಹೊರಡುತ್ತವೆ. ಮಲಗಿ ಎದ್ದೆವಲ್ಲ, ಇಳಿದಿದೆ ಎಂಬುದು ಅವರ ನಂಬಿಕೆ. 60 ಕೆ.ಜಿ. ತೂಕದ ಹುಡುಗನ ರಕ್ತದಲ್ಲಿ ಆ ಹೊತ್ತಿಗೆ ಪ್ರತಿ 100 ಮಿ.ಲೀ.ಗೆ ಅಂದಾಜು 70 ಮಿಲಿಗ್ರಾಂ ಆಲ್ಕೋಹಾಲ್ ಉಳಿದಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹಾಕಿರುವ ಮಿತಿ 30 ಮಿಲಿಗ್ರಾಂ. ಅದನ್ನು ದಾಟಿ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂ. ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಕಾನೂನಿನ ಮಾತು ಹಾಗಿರಲಿ; ನಿದ್ದೆಗೆಟ್ಟ ಕಣ್ಣು, ಇಳಿಯದ ಅಮಲು, ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಇಲ್ಲದ ಗೆಳೆಯ, ಇವೆಲ್ಲ ಒಟ್ಟಿಗೆ ಹೆದ್ದಾರಿಗಿಳಿಯುವ ಹೊತ್ತು ಅದು.

ಹದಿಹರೆಯ ದಾಟುತ್ತಿರುವ ಮಿದುಳಿನ ವಿಚಾರಕ್ಕೆ ಬಂದರೆ, ವಯಸ್ಸು ಇಳಿಸಬಾರದೆಂದು ನಾನು ಹೇಳಲು ಕಾರಣ ಅಲ್ಲಿದೆ. ಮುಂದಾಲೋಚನೆ, ಆತುರಕ್ಕೆ ಕಡಿವಾಣ, ಸರಿತಪ್ಪುಗಳ ತೂಕ ಇವುಗಳಿಗೆ ಆಧಾರವಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಆಲ್ಕೋಹಾಲ್ ಮೊದಲು ಮಂಕಾಗಿಸುವುದೂ ಇವೇ ಶಕ್ತಿಗಳನ್ನು. ಇನ್ನೂ ಗಟ್ಟಿಯಾಗದ ಬ್ರೇಕನ್ನು ಸಡಿಲಿಸಿದಂತಾಗುತ್ತದೆ. ಹದಿನೈದು ತುಂಬುವ ಮೊದಲೇ ಕುಡಿಯಲು ತೊಡಗಿದವರಲ್ಲಿ ಮುಂದೆ ವ್ಯಸನಿಗಳಾದವರ ಪ್ರಮಾಣ, ಇಪ್ಪತ್ತು ದಾಟಿ ತೊಡಗಿದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತೆಂಬುದು 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯೊಂದರಿಂದ ತಿಳಿದುಬಂತು. ಅದರಲ್ಲಿ ಮನೆಯ ಪರಿಸ್ಥಿತಿ, ವಂಶವಾಹಿಗಳ ಪಾಲೂ ಇರುತ್ತದೆ ನಿಜ. ಆದರೂ ಮೊದಲ ಗುಟುಕು ತಡವಾದಷ್ಟೂ ಒಳ್ಳೆಯದು ಎಂಬುದರಲ್ಲಿ ತಜ್ಞರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಓದಿನ ಮೇಲಿನ ಪರಿಣಾಮ ಇಷ್ಟು ನಾಟಕೀಯವಾಗಿರುವುದಿಲ್ಲ, ಹಾಗಾಗಿಯೇ ಗಮನಕ್ಕೂ ಬರುವುದಿಲ್ಲ. ಹಗಲು ಓದಿದ್ದು ಮನಸ್ಸಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ಕುಡಿದು ಮಲಗಿದವನಿಗೆ ನಿದ್ದೆ ಬೇಗ ಹತ್ತುತ್ತದೆ, ಆದರೆ ಕನಸು ಕಾಣುವ ಹಂತ ಮೊಟಕಾಗುತ್ತದೆ, ರಾತ್ರಿಯ ಎರಡನೆಯ ಅರ್ಧ ಪದೇ ಪದೇ ಮುರಿಯುತ್ತದೆ. ವಾರಾಂತ್ಯದ ಪಾರ್ಟಿಯ ಸೋಮವಾರದ ಬೆಲೆ ಬರೀ ತಲೆನೋವಲ್ಲ. ಶುಕ್ರವಾರ ಓದಿದ ಪಾಠವೂ ಅದರಲ್ಲಿ ಸೇರಿರುತ್ತದೆ. ಇನ್ನು ಪರೀಕ್ಷೆಯ ಭಯವನ್ನೋ ಮುರಿದ ಪ್ರೀತಿಯನ್ನೋ ಮರೆಯಲು ಕುಡಿಯುವವರು ಮರುದಿನ ಹಿಂದಿನ ದಿನಕ್ಕಿಂತ ಹೆಚ್ಚಿನ ಆತಂಕದೊಡನೆ ಏಳುತ್ತಾರೆ, ಅದನ್ನು ಅಡಗಿಸಲು ಮತ್ತೆ ಸಂಜೆಗಾಗಿ ಕಾಯುತ್ತಾರೆ. ಬಹುಪಾಲು ವ್ಯಸನಗಳು ಶುರುವಾಗುವುದು ಇಂಥ ಸದ್ದಿಲ್ಲದ ಸಂಜೆಗಳಲ್ಲೇ.

ಹೆಣ್ಣುಮಕ್ಕಳ ಕುಡಿತದ ಬಗ್ಗೆ ಸಮಾಜದ ಸಿಟ್ಟು ಬಹಳ, ತಿಳಿವಳಿಕೆಯ ಮಾತು ಕಡಿಮೆ. ಅದೇ ತೂಕದ ಗಂಡಿಗಿಂತ ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆ ಇರುವುದರಿಂದ, ಅಷ್ಟೇ ಮದ್ಯ ಅವಳ ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ‘ಅವನಿಗೆ ಸರಿಸಮ’ ಎಂಬ ಪಣ ದೇಹದ ಮಟ್ಟದಲ್ಲೇ ಸಮವಲ್ಲ. ಗಂಡುಹುಡುಗರು ಮನದಟ್ಟು ಮಾಡಿಕೊಳ್ಳಬೇಕಾದ ಮಾತೊಂದಿದೆ: ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂದು ತಿಳಿಯದಷ್ಟು ಅಮಲಿನಲ್ಲಿರುವ ಹೆಣ್ಣಿನ ಒಪ್ಪಿಗೆಯನ್ನು ನಮ್ಮ ಕಾನೂನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ. ಅದು ಅತ್ಯಾಚಾರ.

ಈಗ ನಾನು ಹಾಸ್ಟೆಲಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾಗಿನ ಒಂದು ರಾತ್ರಿಯ ವಿಷಯ. ಎರಡನೆಯ ಸೆಮಿಸ್ಟರಿನ ಆರಂಭ, ಹೊಸಬರಿಗೆ ಸೀನಿಯರ್‌ಗಳು ‘ಟ್ರೀಟ್’ ಕೊಟ್ಟ ದಿನ. ರಾತ್ರಿ ಒಂದೂವರೆಗೆ ಇಬ್ಬರು ಹುಡುಗರು ನನ್ನ ಕ್ವಾರ್ಟರ್ಸಿನ ಕಿಟಕಿ ತಟ್ಟಿದರು. ಬಾಗಿಲಿನ ಬೆಲ್ ಒತ್ತಲೂ ಅವರಿಗೆ ಹೆದರಿಕೆ. ಕೋಣೆಗೆ ಹೋದಾಗ ಮೊದಲು ಕಂಡದ್ದು ಬಾಗಿಲ ಬುಡಕ್ಕೆ ಒತ್ತಿಟ್ಟಿದ್ದ ಒದ್ದೆ ಟವೆಲು. ವಾಸನೆ ಹೊರಗೆ ಹೋಗಬಾರದಲ್ಲ. ಹುಡುಗ ಅಂಗಾತ ಮಲಗಿದ್ದ. ಗಲ್ಲದ ಮೇಲೆ ವಾಂತಿ ಒಣಗಿತ್ತು, ಪಕ್ಕದಲ್ಲಿ ಬಟ್ಟೆ ಒಗೆಯುವ ಬಕೆಟ್ಟು, ಸ್ಟೀಲ್ ಲೋಟದಲ್ಲಿ ಅರ್ಧ ಕುಡಿಸಿದ ನಿಂಬೆಹಣ್ಣಿನ ನೀರು. ಹೆಸರು ಹಿಡಿದು ಕೂಗಿದರೆ ಕಣ್ಣು ತೆರೆಯಲಿಲ್ಲ. ಕೈ ತಣ್ಣಗಿತ್ತು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಎಷ್ಟು ಹೊತ್ತಾಯಿತು ಹೀಗೆ ಎಂದು ಕೇಳಿದೆ. ‘ಒಂದು ಗಂಟೆ ಆಯ್ತು ಸರ್, ಮಲಗಿದ್ರೆ ಸರಿಹೋಗತ್ತೆ ಅಂದ್ರು’ ಎಂದು ಒಬ್ಬ ಅಳತೊಡಗಿದ.

ಮಲಗಿದರೆ ಸರಿಹೋಗುವುದಿಲ್ಲ. ಹೊಟ್ಟೆಯಲ್ಲಿರುವ ಮದ್ಯ ಪ್ರಜ್ಞೆ ತಪ್ಪಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಕಡೆಯ ಗ್ಲಾಸು ಕೆಳಗಿಟ್ಟ ಹೊತ್ತಿಗಿಂತ ಆಮೇಲಿನ ಮುಕ್ಕಾಲು ಗಂಟೆ ಹೆಚ್ಚು ಅಪಾಯದ್ದು. ಕೂಗಿದರೂ ಚಿವುಟಿದರೂ ಎಚ್ಚರವಾಗದಿರುವುದು, ಉಸಿರು ನಿಧಾನವಾಗುವುದು ಅಥವಾ ತಡೆದು ತಡೆದು ಬರುವುದು, ಮೈ ತಣ್ಣಗಾಗುವುದು, ತುಟಿ ಉಗುರು ನೀಲಿಯಾಗುವುದು, ಅಪಸ್ಮಾರದಂತೆ ಸೆಟೆಯುವುದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಅಂಬುಲೆನ್ಸ್ ಬರುವವರೆಗೆ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲನ್ನು ಮಡಿಸಿ, ಮುಖ ತುಸು ನೆಲದ ಕಡೆ ಬಾಗುವಂತೆ ಮಲಗಿಸಬೇಕು. ಹಾಗೆ ಮಲಗಿದವನ ವಾಂತಿ ಹೊರಗೆ ಹರಿಯುತ್ತದೆ, ಅಂಗಾತ ಮಲಗಿದವನದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಗೆ ಏನನ್ನೂ ಹಾಕಬಾರದು, ಬೆರಳು ಹಾಕಿ ವಾಂತಿ ಮಾಡಿಸಬಾರದು, ಒಂದು ನಿಮಿಷವೂ ಒಬ್ಬನನ್ನೇ ಬಿಟ್ಟು ಹೋಗಬಾರದು. ನಿದ್ದೆಮಾತ್ರೆಯನ್ನೋ ಬೇರೆ ಯಾವುದಾದರೂ ಔಷಧವನ್ನೋ ತೆಗೆದುಕೊಂಡಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡಬಾರದು.

ಆ ಹುಡುಗ ಬದುಕಿದ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದ. ಆಮೇಲೆ ಆದದ್ದನ್ನು ನಾನು ಇವತ್ತಿಗೂ ಸಮಾಧಾನದಿಂದ ನೆನೆಯಲಾರೆ. ಕಾಲೇಜಿನ ಶಿಸ್ತು ಸಮಿತಿ ಅವನನ್ನು ಹಾಸ್ಟೆಲಿನಿಂದ ಹೊರಹಾಕಿತು. ಜೊತೆಗೆ ನನ್ನ ಕಿಟಕಿ ತಟ್ಟಿದ ಇಬ್ಬರನ್ನೂ ಹೊರಹಾಕಿತು, ಅವರೂ ಅದೇ ಕೋಣೆಯಲ್ಲಿದ್ದರೆಂಬ ಕಾರಣಕ್ಕೆ. ಹೊಸಬರಿಗೆ ಗ್ಲಾಸು ತುಂಬಿಸಿದ ಸೀನಿಯರ್‌ಗಳ ಹೆಸರು ವಿಚಾರಣೆಯಲ್ಲಿ ಬರಲೇ ಇಲ್ಲ. ಸಮಿತಿಯಲ್ಲಿ ನಾನೂ ಇದ್ದೆ, ವಾದಿಸಿದೆ, ಸೋತೆ. ಮುಂದಿನ ವರ್ಷ ಬೇರೊಂದು ಕೋಣೆಯಲ್ಲಿ ಹುಡುಗನೊಬ್ಬ ಹೀಗೆಯೇ ಬಿದ್ದಿದ್ದನೆಂದು, ಬೆಳಗಾಗುವವರೆಗೆ ಗೆಳೆಯರು ಬಾಗಿಲು ತೆರೆಯಲಿಲ್ಲವೆಂದು, ಅವನು ತಾನಾಗಿಯೇ ಚೇತರಿಸಿಕೊಂಡನೆಂದು ನನಗೆ ತಿಳಿದದ್ದು ಅವರೆಲ್ಲ ಪದವಿ ಮುಗಿಸಿ ಹೋದ ಮೇಲೆ. ನಮ್ಮ ಶಿಕ್ಷೆ ಕುಡಿತವನ್ನು ನಿಲ್ಲಿಸಿರಲಿಲ್ಲ. ಕಿಟಕಿ ತಟ್ಟುವುದನ್ನು ನಿಲ್ಲಿಸಿತ್ತು.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಈ ಕಾರಣಕ್ಕೇ ಒಂದು ನಿಯಮ ಮಾಡಿಕೊಂಡಿವೆ: ಕುಡಿದು ಅಪಾಯದಲ್ಲಿರುವವನಿಗಾಗಿ ಸಹಾಯ ಕೇಳಿದವರ ಮೇಲೂ ಆ ವ್ಯಕ್ತಿಯ ಮೇಲೂ ಕುಡಿತದ ಕಾರಣಕ್ಕೆ ಶಿಸ್ತುಕ್ರಮ ಇರುವುದಿಲ್ಲ, ಬದಲಿಗೆ ಆಪ್ತಸಮಾಲೋಚನೆಗೆ ಹೋಗಬೇಕಾಗುತ್ತದೆ. ಅಲ್ಲಿಯೂ ಮದ್ಯ ಕೊಳ್ಳುವ ವಯಸ್ಸು 21. ವಯಸ್ಸಿನ ನಿಯಮ ಬಿಗಿಯಾಗಿದ್ದೂ ಸಹಾಯದ ಬಾಗಿಲು ತೆರೆದಿಡಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ನಮ್ಮ ಕಾಲೇಜುಗಳು ಇದನ್ನು ಮಾಡಲು ಯಾವ ಹೊಸ ಕಾಯ್ದೆಗೂ ಕಾಯಬೇಕಿಲ್ಲ, ಹಾಸ್ಟೆಲ್ ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಕಠಿಣವಾಗಬೇಕಾದದ್ದು ಕುಡಿಸುವವರ ಮೇಲೆ. ಜೂನಿಯರ್‌ಗೆ ಬಲವಂತವಾಗಿ ಕುಡಿಸುವುದು ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಾವಳಿಯಡಿ ಅದಕ್ಕೆ ಕ್ರಮ ಕೈಗೊಳ್ಳಬಹುದು. 18 ತುಂಬದ ಪಿಯು ವಿದ್ಯಾರ್ಥಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂ.ವರೆಗೆ ದಂಡವಿದೆ. ಟ್ರೀಟ್ ಕೊಡುವ ಅಣ್ಣಂದಿರಲ್ಲಿ ಎಷ್ಟು ಮಂದಿ ಇದನ್ನು ಕೇಳಿದ್ದಾರೆ?

‘ಜವಾಬ್ದಾರಿಯಿಂದ ಕುಡಿಯಿರಿ’ ಎಂಬ ಮಾತನ್ನು ಮದ್ಯದ ಕಂಪನಿಗಳು ಬಹಳ ಇಷ್ಟಪಡುತ್ತವೆ. ನೇರ ಜಾಹೀರಾತಿಗೆ ಅವಕಾಶವಿಲ್ಲದಾಗ ಸೋಡಾ, ಕುಡಿಯುವ ನೀರು, ಸಂಗೀತದ ಸಿ.ಡಿ. ಹೆಸರಿನಲ್ಲಿ ಅದೇ ಬ್ರ್ಯಾಂಡನ್ನು ಹುಡುಗರ ಕಣ್ಣ ಮುಂದಿಡುವವರು, ಏನಾದರೂ ಅನಾಹುತವಾದರೆ ಹೊಣೆಯನ್ನು ಪೂರ್ತಿಯಾಗಿ ಕುಡಿದವನ ಹೆಗಲಿಗೇ ದಾಟಿಸಲು ಆ ಮಾತು ಅನುಕೂಲ. ಇತ್ತ ಸರ್ಕಾರ 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂ. ಗುರಿ ಮುಟ್ಟಬೇಕಾದ ವ್ಯವಸ್ಥೆಯು ಕೌಂಟರಿನಲ್ಲಿ ಗುರುತಿನ ಚೀಟಿ ಕೇಳಲು ಎಷ್ಟು ಆಸಕ್ತಿ ತೋರೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಶಾಲಾಕಾಲೇಜುಗಳಿಂದ ಮದ್ಯದಂಗಡಿ 100 ಮೀಟರ್ ದೂರವಿರಬೇಕೆಂಬ ನಿಯಮವೂ ಇದೆ. ಹುಡುಗರಿಗೆ ಅದು ಎರಡು ನಿಮಿಷದ ನಡಿಗೆ.

ಹಾಗಾಗಿ ಆ ಪದವನ್ನು ನಾನು ಬೇರೆ ಅರ್ಥದಲ್ಲಿ ಬಳಸಲು ಬಯಸುತ್ತೇನೆ. 21 ತುಂಬದ ವಿದ್ಯಾರ್ಥಿಯ ಮಟ್ಟಿಗೆ ಜವಾಬ್ದಾರಿ ಎಂದರೆ ಕುಡಿಯದಿರುವುದು, ಕುಡಿಯುವುದಿಲ್ಲ ಎಂದವನನ್ನು ಗೇಲಿ ಮಾಡದಿರುವುದು. ‘ನಂಗೆ ಬೇಡ’ ಎಂದ ಗೆಳೆಯನಿಗೆ ಎರಡನೆಯ ಸಲ ಒತ್ತಾಯಿಸದ ಕೂಟವೊಂದಿದ್ದರೆ ಅಲ್ಲಿ ಅರ್ಧ ಅನಾಹುತ ತಪ್ಪುತ್ತದೆ. 21 ದಾಟಿದವರಿಗೆ ಹೇಳುವಾಗಲೂ ಸುರಕ್ಷಿತ ಮಟ್ಟ ಎಂಬುದಿದೆ ಎಂದು ಹೇಳಲಾರೆ. ಎಷ್ಟು ಕಡಿಮೆ ಕುಡಿದರೂ ಪೂರ್ತಿ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದರ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ದಶಕಗಳಾದವು. ಇದೆಲ್ಲ ತಿಳಿದೂ ಕುಡಿಯುವವರು ಅಪಾಯವನ್ನಾದರೂ ತಗ್ಗಿಸಿಕೊಳ್ಳಬಹುದು: ಮೊದಲು ಊಟ, ಗಂಟೆಗೆ ಒಂದು ಸಣ್ಣ ಪೆಗ್ಗಿಗಿಂತ ಹೆಚ್ಚಿಲ್ಲ, ನಡುನಡುವೆ ನೀರು, ಎನರ್ಜಿ ಡ್ರಿಂಕ್ ಬೆರೆಸುವುದು ಬೇಡ, ಬೈಕಿನ ಕೀಲಿ ಆ ರಾತ್ರಿ ಕುಡಿಯದವನ ಜೇಬಿನಲ್ಲಿ. ಎನರ್ಜಿ ಡ್ರಿಂಕ್ ಬೇಡವೆನ್ನಲು ಕಾರಣ, ಅದರಲ್ಲಿರುವ ಕೆಫೀನ್ ಅಮಲಿನ ಮಂಪರನ್ನು ಮುಚ್ಚಿಟ್ಟು ಇನ್ನಷ್ಟು ಕುಡಿಸುತ್ತದೆ.

ಹುಡುಗರ ಸಂಜೆಗಳು ಖಾಲಿಯಾಗಿರುವ ಬಗ್ಗೆಯೂ ಯೋಚಿಸಬೇಕು. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15–16 ವಯಸ್ಸಿನವರಲ್ಲಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದವರು ಶೇ. 42ರಷ್ಟಿದ್ದರು, 2016ರ ಹೊತ್ತಿಗೆ ಆ ಪ್ರಮಾಣ ಶೇ. 5ಕ್ಕೆ ಇಳಿಯಿತು. ಅವರು ಬರೀ ಭಾಷಣ ಮಾಡಲಿಲ್ಲ. ಆಟ, ಸಂಗೀತ, ಕಲೆಯ ತರಬೇತಿಗೆ ಸರ್ಕಾರದ ಹಣ ಒದಗಿಸಿದರು, ತಂದೆತಾಯಿಗಳನ್ನು ಒಟ್ಟುಗೂಡಿಸಿದರು, ಪ್ರತಿ ಸಲ ಸಮೀಕ್ಷೆ ಮಾಡಿ ಆಯಾ ಶಾಲೆಗೆ ಅದರ ಅಂಕಿಯನ್ನೇ ತೋರಿಸಿದರು. ಮೂರೂವರೆಗೆ ತರಗತಿ ಮುಗಿದು ಮೈದಾನಕ್ಕೆ ಬೀಗ, ಆರಕ್ಕೆ ಗ್ರಂಥಾಲಯಕ್ಕೆ ಬೀಗ ಎನ್ನುವ ನಮ್ಮ ಕಾಲೇಜುಗಳು ಇಲ್ಲಿಂದ ಕಲಿಯಬೇಕಾದದ್ದು ಬಹಳಷ್ಟಿದೆ.

ಕುಡಿತ ಕೈಮೀರಿದೆಯೆಂದು ಅನಿಸಿದವರಿಗೆ ನೆರವು ನಾವಂದುಕೊಂಡಿರುವುದಕ್ಕಿಂತ ಹತ್ತಿರದಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ; ಜಿಲ್ಲಾ ಕೇಂದ್ರಗಳಲ್ಲಿ ಯುವಜನರ ಆಪ್ತಸಮಾಲೋಚನೆಗೆಂದು ಯುವ ಸ್ಪಂದನ ಕೇಂದ್ರಗಳಿವೆ; 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು; ವ್ಯಸನಮುಕ್ತಿಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ದಿನವೂ ಕುಡಿಯುವ ಅಭ್ಯಾಸವಾಗಿ, ಬೆಳಿಗ್ಗೆ ಕೈ ನಡುಗುವ ಮಟ್ಟಕ್ಕೆ ಬಂದವರು ಒಮ್ಮೆಲೇ ತಾವಾಗಿ ನಿಲ್ಲಿಸಬಾರದು. ಫಿಟ್ಸ್ ಬರುವ ಅಪಾಯವಿರುವುದರಿಂದ ವೈದ್ಯರ ನಿಗಾ ಬೇಕು.

ಕಳೆದ ತಿಂಗಳು ಪರಿಚಿತರೊಬ್ಬರ ಮಗನನ್ನು ಸೇರಿಸಲು ಹಾಸ್ಟೆಲೊಂದಕ್ಕೆ ಹೋಗಿದ್ದೆ. ಪ್ರವೇಶದ್ವಾರದ ಸೂಚನಾ ಫಲಕದಲ್ಲಿ ಕುಡಿದು ಸಿಕ್ಕಿಬಿದ್ದರೆ ಎಷ್ಟು ದಂಡ, ಎರಡನೆಯ ಸಲಕ್ಕೆ ಏನು, ಮೂರನೆಯ ಸಲಕ್ಕೆ ಏನು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಒಂದು ಗೇಣು ಜಾಗ ಖಾಲಿ ಇತ್ತು. ರಾತ್ರಿ ಗೆಳೆಯನೊಬ್ಬ ಎಚ್ಚರ ತಪ್ಪಿ ಬಿದ್ದರೆ ಯಾರಿಗೆ ಕರೆ ಮಾಡಬೇಕು, ಕರೆ ಮಾಡಿದವರ ಮೇಲೆ ಯಾವ ಕ್ರಮವೂ ಇರುವುದಿಲ್ಲ ಎಂಬ ಎರಡು ಸಾಲು ಬರೆಯಲು ಅಷ್ಟು ಜಾಗ ಸಾಕಾಗುತ್ತಿತ್ತು. ವಾರ್ಡನ್ ಬಳಿ ಹೇಳಿದೆ. ಯೋಚಿಸುತ್ತೇವೆ ಎಂದರು. ಹುಡುಗನನ್ನು ಬೀಳ್ಕೊಡುವ ಮುನ್ನ ನನ್ನ ನಂಬರನ್ನೂ 108 ಮತ್ತು 14416 ಅನ್ನೂ ಒಂದು ಚೀಟಿಯಲ್ಲಿ ಬರೆದು, ಅವನ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ ಬಂದೆ.